ಓದುಗರ ಪ್ರಶ್ನೆ, ಅಕ್ಕನ ಉತ್ತರ: ಹೊತ್ತು ಹೋಗುವ ಜಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಬಿಡುವಿನ ಹೊತ್ತಿನ ಬಗ್ಗೆಯೇ. ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಡಿಲೈಲ್ ರೋಡಿನ ಬಿಡಿಡಿ ಚಾಳಿನಲ್ಲಿ, ಅಂದರೆ ಒಂದೊಂದು ಕೋಣೆಯ ಮನೆಗಳ ಹಳೇ ಕಟ್ಟಡದಲ್ಲಿ, ಎರಡನೇ ಮಾಳಿಗೆಯಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಒಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಉತ್ತರ ಹೇಳುವಾಗ ಆ ಚಾಳು ಮತ್ತೆ ಮತ್ತೆ ಬರುತ್ತದೆ. ನನಗೆ ಗೊತ್ತಿರುವುದನ್ನು ಕಲಿತದ್ದೇ ಅಲ್ಲಿ.

ಪ್ರಶ್ನೆ: ಅಕ್ಕ, ನಮ್ಮ ಅತ್ತೆಗೆ 72 ವರ್ಷ. ಕಾರ್ಕಳದ ಕಡೆಯವರು. ಮದುವೆಯಾಗಿ ಬಂದಾಗಿನಿಂದ ವರ್ಲಿಯ ಬಿಡಿಡಿ ಚಾಳಿನಲ್ಲೇ ಇದ್ದರು. ಈಗ ಚಾಳಿನ ಬದಲು ಕಟ್ಟಿದ ಹೊಸ ಟವರಿನಲ್ಲಿ 23ನೇ ಮಹಡಿಯಲ್ಲಿ ಮನೆ ಸಿಕ್ಕಿದೆ. ಒಳಗೇ ಬಾತ್‌ರೂಮು, ಎರಡು ಬೆಡ್‌ರೂಮು. ಆದರೆ ಅತ್ತೆ ಮಂಕಾಗಿದ್ದಾರೆ. ಇಡೀ ದಿನ ಕಿಟಕಿ ಹತ್ತಿರ ಕೂತಿರುತ್ತಾರೆ. ಚೀಟಿ ಎತ್ತಿ ಮನೆ ಹಂಚಿದ್ದರಿಂದ ಹಳೇ ನೆರೆಯವರೆಲ್ಲ ಬೇರೆ ಬೇರೆ ಮಹಡಿಗೆ ಹೋದರು. ನಾವಿಬ್ಬರೂ ಕೆಲಸದಿಂದ ಬರುವಾಗ ರಾತ್ರಿ ಎಂಟು. ಬಣ್ಣ ಹಚ್ಚುವ ಪುಸ್ತಕ ತಂದುಕೊಟ್ಟೆ, ಸ್ಮಾರ್ಟ್‌ಫೋನ್ ಕೊಡಿಸಿದೆ. ಮುಟ್ಟುವುದಿಲ್ಲ. ಈ ವಯಸ್ಸಿನಲ್ಲಿ ಅವರಿಗೆ ಯಾವ ಹವ್ಯಾಸ ಕಲಿಸಬಹುದು?

ಉತ್ತರ: ತಂಗೀ, ಅವರಿಗೆ ಹವ್ಯಾಸ ಕಲಿಸುವುದು ಬೇಡ. ಅವರ ಹತ್ತಿರ ಹವ್ಯಾಸಗಳಿದ್ದವು. ಅವು ಎಲ್ಲಿ ಬಿಟ್ಟುಹೋದವು ಅಂತ ಹುಡುಕೋಣ.

ನಿಮ್ಮ ಚಾಳು, ನಮ್ಮ ಚಾಳು ಎರಡೂ ಒಂದೇ ಅಚ್ಚಿನವು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಅದೇ ಬಿಡಿಡಿ) ಕಟ್ಟಿಸಿದವು. ಕೆಳಗೊಂದು, ಮೇಲೆ ಮೂರು ಮಾಳಿಗೆ. ಒಂದೊಂದರಲ್ಲಿ ಇಪ್ಪತ್ತು ಖೋಲಿ (ಕೋಣೆ). ಒಂದು ಖೋಲಿ ಅಂದರೆ 160 ಚದರಡಿ. ನಡುವೆ ಪ್ಯಾಸೇಜು, ಎರಡೂ ಕಡೆ ಎದುರುಬದುರು ಬಾಗಿಲು. ಆ ಪ್ಯಾಸೇಜಿನಲ್ಲಿ ಮಟಮಟ ಮಧ್ಯಾಹ್ನವೂ ಬಲ್ಬು ಉರಿಯಬೇಕಿತ್ತು, ಅಷ್ಟು ಕತ್ತಲೆ. ನಮ್ಮ ಅಮ್ಮನ ಬಿಡುವೆಲ್ಲ ಆ ಕತ್ತಲೆ ಪ್ಯಾಸೇಜಿನಲ್ಲೇ ಕಳೆಯಿತು.

ಮಧ್ಯಾಹ್ನ ಎರಡರಿಂದ ನಾಲ್ಕು ಅವಳ ಹೊತ್ತು. ಊಟ ಆಗಿ, ಪಾತ್ರೆ ತೊಳೆದು, ಮೂರೂವರೆ ಪಾಳಿಗೆ ಹೋಗುವ ಗಂಡಸರು ಹೊರಟ ಮೇಲೆ ಒಂದೊಂದೇ ಬಾಗಿಲಿನಿಂದ ಹೆಂಗಸರು ಹೊರಗೆ ಬರುತ್ತಿದ್ದರು. ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬರ ಕೈಯಲ್ಲಿ ಮೆಂತ್ಯ ಸೊಪ್ಪು, ಇನ್ನೊಬ್ಬರ ಕೈಯಲ್ಲಿ ಕ್ರೋಶಾ ಸೂಜಿ, ಅಮ್ಮನ ಕೈಯಲ್ಲಿ ಗೆರಸಿ (ಮೊರ) ತುಂಬ ಅಕ್ಕಿ. ಅಕ್ಕಿಯಲ್ಲಿ ಕಲ್ಲು ಹೆಕ್ಕುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆಮೇಲೆ ಗೆರಸಿಯ ಅಡಿಯಿಂದ ಚೆನ್ನೆಮಣೆ ಹೊರಗೆ ಬರುತ್ತಿತ್ತು.

ಹಲಸಿನ ಮರದ ಮಣೆ. ಊರಿನಿಂದ ಬರುವಾಗ ಸೀರೆಯಲ್ಲಿ ಸುತ್ತಿ ತಂದದ್ದು. ಆಚೆ ಏಳು ಗುಳಿ, ಈಚೆ ಏಳು ಗುಳಿ, ಒಂದೊಂದರಲ್ಲಿ ನಾಲ್ಕು ಕಾಯಿ, ಒಟ್ಟು 56. ಊರಿನಲ್ಲಾದರೆ ಕೆಂಪು ಮಂಜೊಟ್ಟಿ ಬೀಜ. ಇಲ್ಲಿ ಹುಣಸೆ ಬೀಜವೇ ಗತಿ. ಗುಳಿಗಳ ಅಂಚು ಬೆರಳು ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಎದುರು ಖೋಲಿಯ ಮಾಲ್ವಣದ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ನೋಡಿ ನೋಡಿಯೇ ಆಟ ಕಲಿತರು. ಅಮ್ಮ ಕನ್ನಡದಲ್ಲಿ ಎಣಿಸುವುದು, ಕಾಕು ಮರಾಠಿಯಲ್ಲಿ ಎಣಿಸುವುದು. ಬೀಜ ಬೀಳುವ ಸದ್ದು ಟಕ್ ಟಕ್ ಅಂತ ಮೂರು ಖೋಲಿಯಾಚೆಗೂ ಕೇಳುತ್ತಿತ್ತು. ಆಸಾಡಿ ಮಳೆಯಲ್ಲಿ, ಬಟ್ಟೆ ಒಣಗದೆ ಎಲ್ಲರ ತಲೆ ಕೆಟ್ಟಿರುವ ದಿನಗಳಲ್ಲಿ, ಆ ಸದ್ದು ಜಾಸ್ತಿ.

ಒಂದು ಮಾತು ಗಮನಿಸಿ. ಅಮ್ಮ ಒಂದು ದಿನವೂ "ಆಡೂಕ್ ಹೋತೆ" ಅನ್ನಲಿಲ್ಲ. "ಅಕ್ಕಿ ಹೆಕ್ಕಿ ಬತ್ತೆ" ಅಂತಲೇ ಹೊರಡುತ್ತಿದ್ದಳು. ಗಂಡಸರು ಕೇರಂ ಆಡಿದರೆ ಅದಕ್ಕೆ ಆಟ ಅಂತಲೇ ಹೆಸರು. ಹೆಂಗಸು ಹೊರಗೆ ಕೂರಬೇಕಾದರೆ ಕೈಯಲ್ಲಿ ಒಂದು ಕೆಲಸ ಇರಲೇಬೇಕು. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಅತ್ತೆಯ ವಯಸ್ಸಿನವರ ಮೈಗೆ ಅದು ಹಿಡಿದುಬಿಟ್ಟಿದೆ.

ಈಗ ನಿಮ್ಮ ಮನೆ ನೋಡಿ. ಅಕ್ಕಿ ಪ್ಯಾಕೆಟ್ಟಿನಲ್ಲಿ ಕ್ಲೀನಾಗಿ ಬರುತ್ತದೆ. ನೀರು ನಲ್ಲಿ ತಿರುಗಿಸಿದರೆ ಬರುತ್ತದೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅತ್ತೆಗೆ ಹೊರಗೆ ಹೋಗುವ ಒಂದು ನೆವವನ್ನೂ ಆ ಮನೆ ಉಳಿಸಿಲ್ಲ. ಬಣ್ಣದ ಪುಸ್ತಕ ಅವರಿಗೆ ಕೆಲಸದಂತೆ ಕಾಣುವುದಿಲ್ಲ, ಅದನ್ನು ಹಿಡಿದು ಕೂರಲು ನಾಚಿಕೆ.

ಹಾಗಂತ ಚಾಳೇ ಚೆನ್ನಾಗಿತ್ತು ಅಂತ ನಾನು ಬರೆಯುವುದಿಲ್ಲ. ಬೆಳಿಗ್ಗೆ ಡಬ್ಬ ಹಿಡಿದು ಪಾಯಿಖಾನೆಯ ಸಾಲಿನಲ್ಲಿ ನಿಂತವಳು ನಾನು. ಅಮ್ಮನ ಮಂಡಿ ಹೋದದ್ದು ಆ ಮೆಟ್ಟಿಲುಗಳಲ್ಲೇ. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಕುಟುಂಬಗಳಿಗೆ 500 ಚದರಡಿಯ ಮನೆಯ ಕೀಲಿಕೈ ಕೊಟ್ಟ ದಿನ ನಾನು ಟಿವಿ ಎದುರು ಕೂತು ಅತ್ತಿದ್ದೇನೆ. ಅಮ್ಮ ಇರಬೇಕಿತ್ತು ಅನ್ನಿಸಿತು. ಆ ಮನೆ ನಿಮ್ಮ ಅತ್ತೆಗೆ ಸಲ್ಲಬೇಕಾದದ್ದೇ. ಅದರ ಬಾಗಿಲಾಚೆಗೆ ಒಂದು ಜಾಗ ಮಾಡಿಕೊಡುವುದಷ್ಟೇ ಈಗ ಬಾಕಿ.

ಮೊದಲು ಕೆಲಸ ಕೊಡಿ. ಬೆಳಿಗ್ಗೆ ಹೊರಡುವಾಗ "ಅತ್ತೆ, ಈ ಬಸಳೆ ಬಿಡಿಸಿಡ್ತೀರಾ, ರಾತ್ರಿ ಬಂದು ಮಾಡ್ತೇನೆ" ಅಂತ ಹೇಳಿ ಹೋಗಿ. ನಿಜವಾದ ಕೆಲಸ ಆಗಿರಬೇಕು, ರಾತ್ರಿ ಆ ಬಸಳೆಯೇ ಸಾರಾಗಬೇಕು. ಒಂದು ಹಗುರ ಪ್ಲಾಸ್ಟಿಕ್ ಕುರ್ಚಿ ತನ್ನಿ. ಬಾಗಿಲು ತೆರೆದಿಟ್ಟು ಹೊಸ್ತಿಲ ಹತ್ತಿರ ಕೂರಲಿ. ಮೆಟ್ಟಿಲ ದಾರಿಗೆ ಅಡ್ಡ ಇಡಬೇಡಿ, ಬೆಂಕಿ ಬಿದ್ದರೆ ಜನ ಓಡಬೇಕಾದ ದಾರಿ ಅದು. ಎದ್ದಾಗ ಕುರ್ಚಿ ಒಳಗೆ ಬರಲಿ.

ಎರಡನೆಯದು ಲಿಫ್ಟು. ನಿಮ್ಮ ಅತ್ತೆ ಒಬ್ಬರೇ ಲಿಫ್ಟ್ ಹತ್ತುತ್ತಾರಾ? ನೀವು ಬರೆದಿಲ್ಲ. ಇಷ್ಟು ವರ್ಷ ಮೆಟ್ಟಿಲು ಹತ್ತಿದವರಿಗೆ ಆ ಪೆಟ್ಟಿಗೆ ಮುಚ್ಚಿಕೊಂಡಾಗ ಎದೆ ಧಸಕ್ ಅನ್ನುತ್ತದೆ, ಹೇಳಲು ಸಂಕೋಚ. ಒಂದು ವಾರ ರಜೆಯ ಹೊತ್ತಿನಲ್ಲಿ ಜೊತೆಗೆ ಹೋಗಿ. ಬಟನ್ ಅವರೇ ಒತ್ತಲಿ. ಎಂಟನೇ ದಿನ ನೀವು ಕೆಳಗೆ ನಿಂತಿರಿ, ಅವರು ಒಬ್ಬರೇ ಇಳಿದು ಬರಲಿ.

ಆಮೇಲೆ ಹಳೇ ಪ್ಯಾಸೇಜಿನ ಐದಾರು ಹೆಂಗಸರನ್ನು ಹುಡುಕಿ. ಯಾರು ಎಷ್ಟನೇ ಮಹಡಿ, ಯಾವ ನಂಬರು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ದಿನಾ ನಾಲ್ಕು ಗಂಟೆಗೆ ಕೆಳಗಿನ ಲಿಫ್ಟಿನ ಎದುರು ಸೇರುವುದು ಅಂತ ಗೊತ್ತು ಮಾಡಿ. ಸೊಸೈಟಿಯವರು ಮೂಲೆಯಲ್ಲಿ ಒಂದು ರೂಮು ಕೊಟ್ಟು, ಬೀಗ ಹಾಕಿ, ಕೀಲಿಕೈ ವಾಚ್‌ಮನ್ ಹತ್ತಿರ ಇಟ್ಟಿರಬಹುದು. ಅಲ್ಲಿ ಯಾರೂ ಕೂರುವುದಿಲ್ಲ. ಹೋಗ್ತಾ ಬರ್ತಾ ಕಣ್ಣಿಗೆ ಬೀಳುವ ಜಾಗದಲ್ಲೇ ಆಟ ಬೆಳೆಯುವುದು. ನಮ್ಮ ಕಾಕು ಚೆನ್ನೆಮಣೆ ಕಲಿತದ್ದು ನೀರಿಗೆ ಹೋಗುವಾಗ ನಿಂತು ನೋಡಿ. ಲಿಫ್ಟಿನ ಎದುರು ಎರಡು ಬೆಂಚು ಹಾಕಿಸಿ ಅಂತ ಅರ್ಜಿ ಕೊಡಿ. ಹತ್ತು ಮನೆಯವರ ಸಹಿ ಹಾಕಿಸಿ.

ಮತ್ತೆ, ಸಾಮಾನು ಸಾಗಿಸುವಾಗ ಕಟ್ಟಿದ ಗಂಟುಗಳನ್ನು ಒಂದು ಸಲ ಬಿಚ್ಚಿ ನೋಡಿ. ಕಾರ್ಕಳದವರ ಮನೆ ಅಂದಮೇಲೆ ಎಲ್ಲೋ ಒಂದು ಚೆನ್ನೆಮಣೆ ಇದ್ದರೂ ಇರಬಹುದು.

ಪ್ರಶ್ನೆ: ನಾನು ವಾಸ್ಕೋದಲ್ಲಿ ಒಂಬತ್ತನೇ ಕ್ಲಾಸು. ನಮ್ಮಜ್ಜ ಮುಂಬಯಿ ಚಾಳಿನಲ್ಲಿದ್ದಾಗ ಬಟ್ಟೆಯ ಹಿಂದೆ ಕೂತು ಸಿನಿಮಾ ನೋಡುತ್ತಿದ್ದೆ ಅಂತಾರೆ. ಹಿಂದೆ ಕೂತರೆ ಸಿನಿಮಾ ಕಾಣುತ್ತದಾ?

ಉತ್ತರ: ಕಾಣುತ್ತದೆ ಮಗಾ, ಅಜ್ಜ ಹೇಳಿದ್ದು ನಿಜ. ಗಣಪತಿ ಹಬ್ಬದ ದಿನಗಳಲ್ಲಿ ಎರಡು ಚಾಳುಗಳ ನಡುವಿನ ಮೈದಾನದಲ್ಲಿ ಬಿದಿರು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು. ಪ್ರೊಜೆಕ್ಟರಿನ ಬೆಳಕು ತೆಳು ಬಟ್ಟೆಯನ್ನು ದಾಟಿ ಹಿಂದೆಯೂ ಮೂಡುತ್ತದೆ. ಮುಂದೆ ಜಾಗ ಸಿಗದವರು ಹಿಂದೆ ಕೂರುತ್ತಿದ್ದೆವು. ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಹೀರೋ ಎಡಗೈಯಲ್ಲಿ ಹೊಡೆಯುವುದು, ಹೆಸರುಗಳ ಅಕ್ಷರ ಉಲ್ಟಾ. ಗಾಳಿ ಬಂದರೆ ಬಟ್ಟೆ ಉಬ್ಬಿ ಮುಖಗಳು ಅಗಲವಾಗುತ್ತಿದ್ದವು. ಮುಂಬಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ಕ್ಕೆ. ನಮ್ಮ ಮಾಳಿಗೆಗೆ ಟಿವಿ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಂದದ್ದೂ ಒಂದೇ ಖೋಲಿಗೆ. ಅವರ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿಯಲ್ಲಿ ನಮ್ಮದು ಹುಡುಕುವುದೇ ಒಂದು ಆಟವಾಗಿತ್ತು. ಅಜ್ಜನನ್ನು ಕೇಳು, ಆ ದಿನಗಳಲ್ಲಿ ಅವರು ಯಾವ ಚಾಳಿನಲ್ಲಿದ್ದರು ಅಂತ. ಕೇಳಿ ಬರೆದಿಟ್ಟುಕೋ.

ಪ್ರಶ್ನೆ: ನಾನು ಬೈಂದೂರು ಕಡೆಯವನು. 24 ವರ್ಷ. ಠಾಣೆಯ ಹೋಟೆಲಿನಲ್ಲಿ ಕೆಲಸ. ಆರು ಜನ ಒಂದೇ ರೂಮಿನಲ್ಲಿ ಇರುತ್ತೇವೆ. ಮಧ್ಯಾಹ್ನ ಮೂರರಿಂದ ಐದು ಬಿಡುವು. ಆ ಹೊತ್ತಿನಲ್ಲಿ ಫೋನಿನಲ್ಲಿ ರಮ್ಮಿ ಆಡಿ 18,000 ರೂಪಾಯಿ ಕಳೆದೆ. ಮನೆಗೆ ಹೇಳಿಲ್ಲ. ಈಗ ಕಾನೂನು ಬಂದಿದೆ ಅಂತಾರೆ, ನನ್ನನ್ನು ಹಿಡಿಯುತ್ತಾರಾ? ಒಬ್ಬರು ಬೇರೆ ಆ್ಯಪ್ ಇದೆ, ಹೋದ ದುಡ್ಡು ವಾಪಸ್ ಬರುತ್ತದೆ ಅಂತ ಕರೆಯುತ್ತಿದ್ದಾರೆ.

ಉತ್ತರ: ತಮ್ಮಾ, ಮೊದಲು ಭಯ ಬಿಡು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಶಿಕ್ಷೆ ಇರುವುದು ಅಂಥ ಆಟ ನಡೆಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ, ದುಡ್ಡು ಸಾಗಿಸುವವರಿಗೆ. ಆಡಿ ಕಳೆದುಕೊಂಡವನಿಗಲ್ಲ. ಆದರೆ ಈಗ ಕರೆಯುತ್ತಿರುವ ಆ್ಯಪ್ ಕಾನೂನಿನಾಚೆಯದು. ಅಲ್ಲಿ ದುಡ್ಡು ಹಾಕಿದರೆ ಕೇಳಲು ಯಾರೂ ಸಿಗುವುದಿಲ್ಲ. ಬ್ಯಾಂಕ್ ನಂಬರು, ಓಟಿಪಿ ಏನನ್ನೂ ಕೊಡಬೇಡ. ಆ ನಂಬರನ್ನು ಇವತ್ತೇ ಬ್ಲಾಕ್ ಮಾಡು. 18,000 ಹೋಯಿತು ಅಂತ ಬರೆದು ಮುಚ್ಚು. ಅದರ ಬೆನ್ನು ಹತ್ತಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಕಾಲದಲ್ಲಿ ಅದರ ಹೆಸರು ಮಟಕಾ. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರದ ಮೇಲೆ ಶುರುವಾದ ಬಾಜಿ ಅದು. 1960ರ ದಶಕದಲ್ಲಿ ಮಡಕೆಯಿಂದ ಚೀಟಿ ಎತ್ತುವ ಆಟವಾಯಿತು. ಇಡೀ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಸೀಮೆ, ರಾತ್ರಿ ನಂಬರಿಗಾಗಿ ಎಚ್ಚರವಿರುತ್ತಿತ್ತು. ನಮ್ಮ ಮಾಳಿಗೆಯಲ್ಲಿ ಒಬ್ಬ ನೇಯ್ಗೆ ಖಾತೆಯ ಕೆಲಸಗಾರರಿದ್ದರು. ಒಳ್ಳೆಯ ಕೆಲಸಗಾರ, ಬೀಡಿ ಕೂಡ ಸೇದುತ್ತಿರಲಿಲ್ಲ. ಪಗಾರದ ಮರುದಿನ ಅವರ ಹೆಂಡತಿ ಅಮ್ಮನ ಹತ್ತಿರ ಪಾವು ಅಕ್ಕಿ ಕೇಳಲು ಬಂದಿದ್ದರು. ಸೆರಗಿನಡಿ ಪಾವನ್ನು ಮುಚ್ಚಿಕೊಂಡು ಬಂದದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಅವರೂ "ಕಳೆದದ್ದು ಬರಲಿ, ಆಮೇಲೆ ಬಿಡ್ತೇನೆ" ಅಂತಲೇ ಅನ್ನುತ್ತಿದ್ದರು.

ಮನೆಗೆ ಹೇಳು. ಅಪ್ಪನಿಗೆ ಹೇಳಲು ಆಗದಿದ್ದರೆ ಅಣ್ಣನಿಗೋ ಮಾವನಿಗೋ ಹೇಳು. ಒಬ್ಬರಿಗಾದರೂ ಗೊತ್ತಿರಲಿ.

ಇನ್ನು ಆ ಎರಡು ಗಂಟೆ. ಬೆಳಿಗ್ಗೆ ಐದಕ್ಕೆ ಎದ್ದವನು ನೀನು ಅಂತ ನನಗೆ ಗೊತ್ತು. ಮುಕ್ಕಾಲು ಗಂಟೆ ಫೋನ್ ದೂರ ಇಟ್ಟು ಮಲಗು. ಸುಮ್ನೆ ಹೇಳುತ್ತಿಲ್ಲ, ನಿದ್ದೆ ಕೆಟ್ಟವನ ಕೈಗೇ ಇಂಥ ಆಟ ಸಿಗುವುದು. ಉಳಿದ ಹೊತ್ತಿಗೆ ಆರು ಜನ ಇದ್ದೀರಲ್ಲ, ಅಷ್ಟು ಜನ ಸಾಕು.

ಅಪ್ಪಯ್ಯನ ಜೊತೆಯವರು ತಾಳಮದ್ದಳೆ ಮಾಡುತ್ತಿದ್ದರು. ಪರಿಚಯದ ಹೋಟೆಲೊಂದರಲ್ಲಿ ರಾತ್ರಿ ಕೊನೆಯ ಗಿರಾಕಿ ಹೋದ ಮೇಲೆ ಶಟರು ಅರ್ಧ ಎಳೆದು, ಟೇಬಲ್ ಬದಿಗೆ ಸರಿಸಿ, ಚಾಪೆ ಹಾಸುತ್ತಿದ್ದರು. ವೇಷ ಬೇಡ, ಗೆಜ್ಜೆ ಬೇಡ. ಭಾಗವತರು ಪದ ಹೇಳುವುದು, ಅರ್ಥಧಾರಿಗಳು ಕೂತಲ್ಲೇ ಮಾತು ಬೆಳೆಸುವುದು. ನನ್ನನ್ನು ಎರಡು ಮೂರು ಸಲ ಕರೆದುಕೊಂಡು ಹೋಗಿದ್ದರು. ಒಂದು ರಾತ್ರಿ ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ವಾಲಿ. ಇಡೀ ದಿನ ಟೇಬಲ್ ಒರೆಸಿ ನೀರು ಇಟ್ಟವನು. ಒರೆಸುವ ಬಟ್ಟೆ ಹೆಗಲ ಮೇಲೆ ಹಾಗೇ ಇತ್ತು. ಎದುರು ರಾಮನಾಗಿ ಕೂತವರು ಗಲ್ಲಾದ ಮೇಲಿರುವ ದೊಡ್ಡವರು. "ಎದುರಿಗೆ ನಿಲ್ಲದೆ ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ?" ಅಂತ ಆ ಹುಡುಗ ಅವರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ಅಡುಗೆಮನೆಯಿಂದ ಭಟ್ಟರು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ರಾಮನ ಉತ್ತರ ಸಾಲದು ಅಂತ ಹುಡುಗ ಮತ್ತೆ ಕೇಳಿದ. ಅವನ ಹೆಸರು ನನಗೆ ಮರೆತಿದೆ, ದನಿ ಮರೆತಿಲ್ಲ.

ನೀನು ಯಕ್ಷಗಾನದ ಸೀಮೆಯ ಹುಡುಗ. ಊರಲ್ಲಿ ಆಟ ನೋಡಿಯೇ ಇರುತ್ತೀಯ. ವಾರದ ರಜೆ ಯಾವ ದಿನ ಅಂತ ನೋಡಿಕೋ. ಮಾಟುಂಗಾದಲ್ಲಿ ಮೈಸೂರ್ ಅಸೋಸಿಯೇಷನ್ ಇದೆ, 1926ರದ್ದು. ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ, 1933ರದ್ದು. ಒಂದು ಸಂಜೆ ಹೋಗಿ ಕಾರ್ಯಕ್ರಮ ನೋಡು. ಅಲ್ಲಿ ಯಾರನ್ನು ಕೇಳಿದರೂ ತಾಳಮದ್ದಳೆ ಕೂಟ ಎಲ್ಲಿ ನಡೆಯುತ್ತದೆ ಅಂತ ಹೇಳುತ್ತಾರೆ. ಮೊದಲ ಸಲ ಸುಮ್ನೆ ಕೂತು ಕೇಳು, ಸಾಕು. ಹೋದ ಮೇಲೆ ನನಗೆ ಒಂದು ಸಾಲು ಬರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಮಗನಿಗೆ 11 ವರ್ಷ, ಹಗುರ ಇದ್ದಾನೆ. ನಮ್ಮ ಗಲ್ಲಿಯ ಗೋವಿಂದಾ ತಂಡದವರು ದಹಿ ಹಂಡಿಗೆ (ಮೊಸರು ಕುಡಿಕೆಗೆ) ಹೆಗಲ ಮೇಲೆ ಹೆಗಲು ನಿಲ್ಲುವ ಸಾಲುಗಳಲ್ಲಿ ಮೇಲಿನದಕ್ಕೆ ಅವನನ್ನು ಹತ್ತಿಸುತ್ತೇವೆ ಅನ್ನುತ್ತಿದ್ದಾರೆ. ಅವನಿಗೂ ಆಸೆ. ಕಳುಹಿಸಲಾ?

ಉತ್ತರ: ಬೇಡ. 14 ವರ್ಷಕ್ಕಿಂತ ಚಿಕ್ಕವರನ್ನು ಹತ್ತಿಸುವುದಿಲ್ಲ ಅಂತ ಸರ್ಕಾರವೇ 2017ರಲ್ಲಿ ಬಾಂಬೆ ಹೈಕೋರ್ಟಿಗೆ ಮಾತು ಕೊಟ್ಟಿದೆ. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ದಹಿ ಹಂಡಿಯನ್ನು ಸಾಹಸ ಕ್ರೀಡೆ ಅಂತ ಒಪ್ಪಿಕೊಂಡಿತು. ಹಾಗಂತ ಮಕ್ಕಳ ಎಲುಬು ಗಟ್ಟಿಯಾಗಲಿಲ್ಲ. ನಮ್ಮ ಮೈದಾನದಲ್ಲಿ ಬಿದ್ದು ಕೈ ಮುರಿದುಕೊಂಡ ಹುಡುಗ ನನ್ನ ಕ್ಲಾಸಿನವನು. ಮುಂದೆ ಆ ಕೈಯಲ್ಲಿ ಬರೆಯಲು ಅವನಿಗೆ ಕಷ್ಟವಾಯಿತು.

ಆದರೆ ಆಸೆಗೆ ತಣ್ಣೀರು ಹಾಕಬೇಡಿ. ಹತ್ತಬೇಕು ಅನ್ನುವ ಹುಡುಗ ಹತ್ತಲಿ. ದಾದರಿನ ಶಿವಾಜಿ ಪಾರ್ಕಿನಲ್ಲಿ ಸಮರ್ಥ ವ್ಯಾಯಾಮ ಮಂದಿರ ಇದೆ. ಅಲ್ಲಿ ಮಲ್ಲಕಂಬ ಕಲಿಸುತ್ತಾರೆ. ಗುರುಗಳ ಕಣ್ಣೆದುರೇ ಮೈಯನ್ನು ಪಳಗಿಸಿಕೊಂಡು ಹತ್ತುವ ವಿದ್ಯೆ ಅದು. ಹಂಡಿಯ ದಿನ ಅವನಿಗೆ ನೀರು ಎರಚುವ ಬಕೆಟ್ ಕೊಡಿ. ಅದೂ ಆ ಹಬ್ಬದ ಕೆಲಸವೇ.

ಪ್ರಶ್ನೆ: ಪಿಂಪ್ರಿಯಲ್ಲಿ ನಮ್ಮ ಕಾರ್ಖಾನೆ ಕಾಲೊನಿಯ ಗಣಪತಿ ಹಬ್ಬದ ಕೇರಂ ಫೈನಲ್‌ನಲ್ಲಿ ನಾನು, ತಮ್ಮ ಎದುರುಬದುರು. ನನ್ನದು 22, ಅವನದು 19. ನಾನು ರಾಣಿ ಹಾಕಿ, ಕವರ್ ಕೊಟ್ಟು (ರಾಣಿಯ ಬೆನ್ನಿಗೇ ನನ್ನ ಕಾಯಿ ಹಾಕಿ), ಬೋರ್ಡು ಮುಗಿಸಿದೆ. ಅವನ ಒಂದು ಕಾಯಿ ಉಳಿದಿತ್ತು. ಒಂದು, ರಾಣಿಯದು ಮೂರು, ಒಟ್ಟು 26. ಗೆದ್ದೆ ಅಂತ ನನಗೆ ಕಪ್ ಕೊಟ್ಟರು. ಅಂದಿನಿಂದ ತಮ್ಮ ಮಾತಾಡಿಲ್ಲ. ಬೋರ್ಡು ಮಳೆಗೆ ಉಬ್ಬಿ ಸ್ಟ್ರೈಕರ್ ನಿಲ್ಲುತ್ತಿತ್ತು, ಅದೂ ಅವನ ದೂರು. ಯಾರು ಸರಿ?

ಉತ್ತರ: ಬೋರ್ಡಿನ ವಿಷಯ ಮೊದಲು ಹೇಳುತ್ತೇನೆ, ಅದು ನಿಮ್ಮೆಲ್ಲರಿಗೂ ಬೇಕಾದದ್ದು. ನಮ್ಮ ಪ್ಯಾಸೇಜಿನ ತುದಿಯಲ್ಲಿ ಕೇರಂ ಬೋರ್ಡು ಒಂದು ಡ್ರಮ್ಮಿನ ಮೇಲೆ ಇರುತ್ತಿತ್ತು. ಮೇಲೆ ಸರಿಯಾಗಿ ನಡುವಿಗೆ ನೂರು ವಾಟಿನ ಬಲ್ಬು. ಡಾಲ್ಡಾ ಡಬ್ಬಿಯ ತಳಕ್ಕೆ ತೂತು ಮಾಡಿ, ಬೋರಲು ಹಾಕಿ, ಅದನ್ನೇ ಶೇಡ್ ಮಾಡಿದ್ದರು. ಬೆಳಕು ಬೋರ್ಡಿನ ಮೇಲಷ್ಟೇ ಬೀಳುವುದು. ಮಳೆಗಾಲದಲ್ಲಿ ಆಟಕ್ಕೆ ಅರ್ಧ ಗಂಟೆ ಮೊದಲೇ ಬಲ್ಬು ಹಾಕಿ ಇನ್ನೂ ಕೆಳಗೆ ಇಳಿಸುತ್ತಿದ್ದರು. ಆ ಬಿಸಿಗೆ ಹಲಗೆಯ ಥಂಡಿ ಬಿಡುತ್ತಿತ್ತು. ಆಮೇಲೆ ಒಣ ಬಟ್ಟೆಯಿಂದ ಒರೆಸಿ ಪೌಡರ್ ಹಾಕುವುದು. ಒದ್ದೆ ಬೋರ್ಡಿನ ಮೇಲೆ ಪೌಡರ್ ಸುರಿದರೆ ಹಿಟ್ಟಿನ ಹಾಗೆ ಅಂಟಿಕೊಂಡು ಇನ್ನೂ ಕೆಡುತ್ತದೆ. ಈಗಿನ ಎಲ್ಇಡಿ ಬಲ್ಬಿಗೆ ಅಷ್ಟು ಬಿಸಿ ಇಲ್ಲ. ಹಾಗಾಗಿ ಬೋರ್ಡನ್ನು ಗೋಡೆಗೆ ಒರಗಿಸಿಡಬೇಡಿ, ಗೋಡೆಯ ಪಸೆ ಹೀರುತ್ತದೆ. ದಪ್ಪ ಪ್ಲಾಸ್ಟಿಕ್ ಹೊದಿಸಿ ಕಪಾಟಿನ ಮೇಲೆ ಮಟ್ಟಸವಾಗಿ ಮಲಗಿಸಿ. ಬೋರಿಕ್ ಪೌಡರ್ ಬಳಸುವುದಾದರೆ ಸಣ್ಣ ಮಕ್ಕಳ ಕೈಗೆ ಸಿಗದಿರಲಿ, ಆಟ ಮುಗಿದ ಮೇಲೆ ಕೈ ತೊಳೆಯಿರಿ.

ಈಗ ಲೆಕ್ಕ. ಒಂದು ಗೇಮ್ 25 ಅಂಕಕ್ಕೆ, ಇಲ್ಲವೇ ಎಂಟು ಬೋರ್ಡಿಗೆ. ರಾಣಿಗೆ ಮೂರು ಅಂಕ ಸಿಗುವುದು ಆಟಗಾರನ ಅಂಕ 21 ಇರುವ ತನಕ ಮಾತ್ರ. 22 ಮುಟ್ಟಿದ ಮೇಲೆ ರಾಣಿಯನ್ನು ಹಾಕಿ ಕವರ್ ಕೊಟ್ಟರೂ ಆ ಮೂರು ಸೇರುವುದಿಲ್ಲ. ಎದುರಾಳಿಯ ಉಳಿದ ಕಾಯಿಗಳಷ್ಟೇ ಲೆಕ್ಕ. ನಿಮಗೆ ಆ ಬೋರ್ಡಿನಲ್ಲಿ ಸಿಗಬೇಕಾದದ್ದು ಒಂದೇ ಅಂಕ. ಲೆಕ್ಕ ಬರೆದವರು ಈ ನಿಯಮ ಮರೆತಿರಬೇಕು, ನೀವು ಮೋಸ ಮಾಡಿಲ್ಲ. ಆದರೆ ಅದು ಎಂಟನೇ ಬೋರ್ಡು ಅಲ್ಲದಿದ್ದರೆ ಆ ಗೇಮ್ ಇನ್ನೂ ಮುಗಿದಿಲ್ಲ.

ಕಪ್ ತೆಗೆದುಕೊಂಡು ತಮ್ಮನ ಮನೆಗೆ ಹೋಗಿ. ಬೋರ್ಡನ್ನೂ ಒಯ್ಯಿರಿ. ನಿಮ್ಮದು 23, ಅವನದು 19. ಅಲ್ಲಿಂದ ಮುಂದುವರಿಸಿ.